ಅತ್ತೆಯ ಪಾಲಿನ ಮಾತ್ರೆ

ನನ್ನನ್ನು ಮೊದಲ ಸಲ ತೂಗಿದ್ದು ಕಾಫಿ ಮೂಟೆ ತೂಗುವ ಕಾಟಾದ ಮೇಲೆ. ಮದುವೆಯಾಗಿ ಗಾಳಿಬೀಡಿನ ಮೇಲುಗಡೆಯ ಆ ಮನೆಗೆ ಬಂದು ಒಂಬತ್ತು ತಿಂಗಳಾಗಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಮಡಿಕೇರಿಯ ಕಚೇರಿಗಳಲ್ಲೂ ಆಸ್ಪತ್ರೆಯಲ್ಲೂ ಬಯಲುಸೀಮೆಯ ಹೊಸ ಮುಖಗಳು ಬಂದು ಕೂತಿದ್ದ ಕಾಲ ಅದು. ನಮ್ಮದು ಹದಿನೈದು ಎಕರೆ ಕಾಫಿ, ಒಂದಿಷ್ಟು ಗದ್ದೆ. ಸ್ವಂತ ಕಾಟಾ ಇಟ್ಟುಕೊಳ್ಳುವಷ್ಟು ದೊಡ್ಡವರಲ್ಲ. ಕುಯ್ಲು ಮುಗಿದು ಹಣ್ಣು ಒಣಗಿದ ಮೇಲೆ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಇಬ್ಬರು ಆಳುಗಳ ಕೈಲಿ ಕಾಟಾ ಹೊರಿಸಿಕೊಂಡು ಬಂದು ನಮ್ಮ ಕಣದಲ್ಲಿ ಮೂಟೆ ತೂಗಿಕೊಟ್ಟು ಹೋಗುತ್ತಿದ್ದರು. ಮೂಟೆಗಳ ಸರದಿ ಮುಗಿದದ್ದೇ ಮನೆಯವರು ಒಬ್ಬೊಬ್ಬರಾಗಿ ಅದರ ಮೇಲೆ ಹತ್ತಿ ನಿಲ್ಲುವುದು ವಾಡಿಕೆ. ವರ್ಷಕ್ಕೊಮ್ಮೆ ನಮ್ಮ ಭಾರ ನಮಗೆ ಗೊತ್ತಾಗುತ್ತಿದ್ದುದು ಹಾಗೆ.

ಮಾವ ಹತ್ತಿದರು, ನನ್ನ ಗಂಡ ಹತ್ತಿದರು, ಅತ್ತೆಯೂ ಹತ್ತಿದರು. ನಾನು ಬಾಗಿಲ ಮರೆಗೆ ಸರಿದಿದ್ದೆ. ರೈಟರು ಮಲಯಾಳದವರು. "ಬನ್ನಿ ಅಕ್ಕ, ನಿಮ್ದೂ ಒಂದು ನೋಡುವ" ಎಂದು ಕರೆದರು. ಎಲ್ಲರ ಎದುರು ಬರುವುದಿಲ್ಲ ಎನ್ನುವುದು ಇನ್ನೂ ಹೆಚ್ಚಿನ ಅವಮಾನ ಅನ್ನಿಸಿ ಹತ್ತಿದೆ. ಅವರಿಗೆ ಬೆಳಗಿನಿಂದ ಮೂಟೆ ಲೆಕ್ಕ ಕೂಗಿ ಕೂಗಿ ಅಭ್ಯಾಸ. ಅದೇ ರಾಗದಲ್ಲಿ ಕೂಗಿದರು: "ಒಂದೂವರೆ ಮೂಟೆ, ಮೇಲೆ ಎಂಟು ರಾತ್ಲು." ಈಗಿನ ಲೆಕ್ಕದಲ್ಲಿ ಸುಮಾರು ಎಂಬತ್ತು ಕಿಲೋ. ಕಣಕ್ಕೆ ಕಣವೇ ನಕ್ಕಿತು. ಕಾಫಿ ಕುಯ್ಯಲು ಬಂದಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನನ್ನ ಗಂಡ, "ಈ ಸಲ ರೇಟು ಎಷ್ಟಂತೆ ಕೇಳಿ" ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ನಾನೇ. ಆಮೇಲೆ ಬಚ್ಚಲಿಗೆ ಹೋಗಿ ಒಲೆಗೆ ಸೌದೆ ತುರುಕುತ್ತ ಸಿಟ್ಟಿನಿಂದ ಅತ್ತುಬಿಟ್ಟೆ.

ಇದನ್ನು ಮೊದಲಿಗೇ ಹೇಳುತ್ತಿರುವುದು ನನ್ನ ಮೇಲೆ ಯಾರಿಗಾದರೂ ಕನಿಕರ ಹುಟ್ಟಲಿ ಎಂದಲ್ಲ. ನಕ್ಕವರೆಲ್ಲ ಆ ಸಂಜೆಗೇ ಮರೆತರು. ನಾನು ಅದನ್ನು ಹಿಡಿದುಕೊಂಡು ಏನು ಮಾಡಿದೆ ಎನ್ನುವುದು ಮುಖ್ಯ.

ಆ ಕಣದಲ್ಲಿ ನಗದೇ ಇದ್ದವರು ನನ್ನ ಅತ್ತೆ ಒಬ್ಬರೇ. ನನ್ನನ್ನು ಬಂದ ದಿನದಿಂದ "ಗೂಡೆ" ಎಂದೇ ಕರೆಯುತ್ತಿದ್ದರು. ನಮ್ಮ ಅರೆಭಾಷೆಯಲ್ಲಿ ಹುಡುಗಿಗೆ ಹಾಗೆನ್ನುತ್ತಾರೆ. ಓದು ಬರಹ ಇಲ್ಲದ, ಕೈ ತುಂಬ ಕೆಲಸದ, ಮಾತಿಗಿಂತ ಕೆಮ್ಮಿನಲ್ಲೇ ಹೆಚ್ಚು ವಿಷಯ ತಿಳಿಸುವ ಹೆಂಗಸು. ನಾನು ಮದುವೆಯಾಗಿ ಬಂದ ಮಳೆಗಾಲದಲ್ಲಿ ಅವರು ಕಂಡಾಬಟ್ಟೆ ಇಳಿದುಹೋಗಿದ್ದರು. ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದರು. ಮೊಣಕೈ ಮೇಲೆ, ಬೆನ್ನ ಮೇಲೆ ಸಾಸಿವೆ ಕಾಳಿನಷ್ಟು ದಪ್ಪದ ಹಳದಿ ಗುಳ್ಳೆಗಳು ಎದ್ದಿದ್ದವು. ಮಡಿಕೇರಿಗೆ ಕರೆದುಕೊಂಡು ಹೋದಾಗ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು.

ಡಾಕ್ಟರು ಮೈಸೂರು ಕಡೆಯವರು, ವರ್ಗವಾಗಿ ಬಂದು ಆರು ತಿಂಗಳಾಗಿರಲಿಲ್ಲ. ಒಳ್ಳೆಯ ಡಾಕ್ಟರು, ಆದರೆ ಪಾಠ ಹೇಳುವ ಚಟ. ಅತ್ತೆಯ ತೋಳಿನಿಂದ ತೆಗೆದ ರಕ್ತವನ್ನು ಗಾಜಿನ ಕೊಳವೆಯಲ್ಲಿ ನಿಲ್ಲಿಸಿಟ್ಟು, ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕರೆದು ತೋರಿಸಿದರು. ಕೆಂಪೆಲ್ಲ ತಳಕ್ಕೆ ಇಳಿದು, ಮೇಲೆ ನಿಂತಿದ್ದ ನೀರು ಹಾಲಿನ ಹಾಗೆ ಬೆಳ್ಳಗಿತ್ತು.

"ನೋಡಮ್ಮ, ಇದು ಕೊಬ್ಬು. ಇದರ ಜೊತೆಗೆ ಕೊಲೆಸ್ಟ್ರಾಲ್ ಅಂತ ಇನ್ನೊಂದು ಸೇರಿರುತ್ತೆ. ಸಕ್ಕರೆ ಕೈಮೀರಿದಾಗ ಇದೂ ಕೈಮೀರುತ್ತೆ. ಹೀಗೇ ಬಿಟ್ಟರೆ ಒಂದು ದಿನ ಹೊಟ್ಟೆನೋವು ಅಂತ ಮಲಗಿದವರು ಏಳೋದಿಲ್ಲ" ಎಂದರು. ನನಗೆ ಎಸ್ಸೆಸ್ಸೆಲ್ಸಿ ಆಗಿತ್ತು. ಆ ಮನೆಯ ಹೆಂಗಸರಲ್ಲಿ ಚೀಟಿ ಓದಬಲ್ಲವಳು ನಾನೊಬ್ಬಳೇ. ಹಾಗಾಗಿ ಮಾತ್ರೆಯ ಜವಾಬ್ದಾರಿ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಎರಡು, ಸಂಜೆ ಒಂದು, ಬಿಳಿಯ ದಪ್ಪ ಮಾತ್ರೆ. ಸಿಹಿ ಬಿಡಬೇಕು, ಹಂದಿಯ ನೆಣ ಬಿಡಬೇಕು, ಅನ್ನ ಅಳತೆಯಲ್ಲಿ. ಅತ್ತೆ ಒಂದಕ್ಕೂ ಎದುರಾಡಲಿಲ್ಲ. ಮನೆಮಂದಿಗೆಲ್ಲ ಹಂದಿ ಸಾರು ಮಾಡಿ ಬಡಿಸಿ, ತಾವು ಸೊಪ್ಪಿನ ಪಲ್ಯದಲ್ಲಿ ಉಂಡು ಏಳುತ್ತಿದ್ದರು.

ಸುಗ್ಗಿಯ ಪುತ್ತರಿ ಹಬ್ಬ ಕಳೆದ ಮೇಲೆ ಮತ್ತೆ ಹೋದೆವು. ಅತ್ತೆ ತೋಳು ಮಡಚಿ ಹಿಡಿದುಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮಾವ ಪೇಟೆಗೆ ಹೋಗಿದ್ದರು. ಡಾಕ್ಟರು ಒಳಗೆ ನನ್ನೊಬ್ಬಳಿಗೇ ಕೊಳವೆ ತೋರಿಸಿದರು. ಮೇಲಿನ ನೀರು ತಿಳಿಯಾಗಿತ್ತು. ಅವರ ಮುಖದಲ್ಲಿ ಸಂತೋಷವಿತ್ತು. "ಮಾತ್ರೆ ಕೆಲಸ ಮಾಡಿದೆ. ಸಕ್ಕರೆ ಇಳೀತು, ಅದರ ಹಿಂದೇನೇ ಕೊಬ್ಬೂ ಇಳೀತು, ಮೈಮೇಲಿನ ಗುಳ್ಳೇನೂ ಹೋಯ್ತು. ಇದೇ ಲೆಕ್ಕದಲ್ಲಿ ಮುಂದುವರಿಸಿ" ಎಂದರು.

ಇದರಲ್ಲಿ ಸಕ್ಕರೆಯ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಮಾತ್ರೆ ತಿಂದರೆ ಕೊಬ್ಬು ಇಳಿಯುತ್ತದೆ ಎಂಬುದಷ್ಟೇ ತಲೆಯಲ್ಲಿ ಉಳಿಯಿತು. ಕಣ್ಣಾರೆ ನೋಡಿದ್ದೆ. ಬೆಳ್ಳಗಿದ್ದದ್ದು ತಿಳಿಯಾಗಿತ್ತು. ಅತ್ತೆ ಸಣ್ಣಗಾದದ್ದು ಮಾತ್ರೆಗಿಂತ ಮೊದಲು, ಕಾಯಿಲೆಯಿಂದ ಎಂಬುದನ್ನು ಯೋಚಿಸಲು ನನಗೇನು ಬುದ್ಧಿ ಇರಲಿಲ್ಲವೆ? ಇತ್ತು. ಆದರೆ ಬೇಕಾಗಿರಲಿಲ್ಲ. ಅದೇ ಹೊತ್ತಿಗೆ ಒಂದು ವಾರಪತ್ರಿಕೆಯಲ್ಲಿ ತೂಕ ಇಳಿಸುವ ಮಾತ್ರೆಯ ಜಾಹೀರಾತು ಬರುತ್ತಿತ್ತು. ಬಳ್ಳಿಯಂಥ ಹೆಂಗಸೊಬ್ಬಳು ಕನ್ನಡಿ ನೋಡಿ ನಗುವ ಚಿತ್ರ. ಅದನ್ನು ಬೆಂಗಳೂರಿನಿಂದ ತರಿಸಲು ನನಗೆ ದಾರಿಯಿಲ್ಲ. ಮನೆಯ ಗೋಡೆಗೂಡಿನಲ್ಲೇ ಕೊಬ್ಬು ಇಳಿಸುವ ಮಾತ್ರೆ ಇರುವಾಗ ತರಿಸುವ ಅಗತ್ಯವೂ ಕಾಣಲಿಲ್ಲ.

ಕಾಟಾದ ಮೇಲೆ ಹತ್ತಿ ಇಳಿದ ಮೂರನೇ ದಿನ ಬೆಳಿಗ್ಗೆ ಅತ್ತೆಯ ಅಂಗೈಗೆ ಒಂದೇ ಮಾತ್ರೆ ಹಾಕಿದೆ.

"ಇನ್ನೊಂದು ಎಲ್ಲಿ ಗೂಡೆ?" ಎಂದರು.

"ಇಷ್ಟು ದಿನ ಆದ ಮೇಲೆ ಕಮ್ಮಿ ಮಾಡಿ ಅಂತ ಡಾಕ್ಟರು ಹೋದ ಸಲವೇ ಹೇಳಿದ್ರು ಅತ್ತೆ. ನೀವು ಗುಣ ಆಗಿದ್ದೀರಲ್ಲ."

ಅವರ ಮುಖ ಅರಳಿತು. ಎರಡು ಕೈಯಲ್ಲೂ ಮುಖ ಒರೆಸಿಕೊಂಡು, "ಹಂಗಾರೆ ಪುಣ್ಯ" ಎಂದರು. ಆ ಸಂತೋಷವನ್ನು ನೋಡಿಯೂ ನಾನು ಅಡುಗೆಮನೆಗೆ ಹೋಗಿ ಎರಡನೆಯ ಮಾತ್ರೆಯನ್ನು ನನ್ನ ಬಾಯಿಗೆ ಹಾಕಿಕೊಂಡೆ. ಕಹಿಯಾಗಿತ್ತು. ಕಹಿಯಾದದ್ದಕ್ಕೆ ಹೆಚ್ಚು ನಂಬಿಕೆ ಬಂತು.

ಇಂಥ ಕೆಲಸಕ್ಕೆ ದೇವರು ಕೊಡುವ ಶಿಕ್ಷೆಯಲ್ಲೂ ಒಂದಿಷ್ಟು ಕುಚೋದ್ಯ ಇರುತ್ತದೆ. ಮಾತ್ರೆ ನುಂಗಿದ ದಿನಗಳಲ್ಲಿ ಹನ್ನೊಂದು ಗಂಟೆಯಾಗುವಷ್ಟರಲ್ಲಿ ನನಗೆ ಬೆವರು ಕಿತ್ತು ಬರುತ್ತಿತ್ತು. ಕೈ ನಡುಕ, ಕಣ್ಣು ಕತ್ತಲೆ, ಹೊಟ್ಟೆಯಲ್ಲಿ ಬೆಂಕಿಯಂಥ ಹಸಿವು. ಕೊಬ್ಬು ಕರಗುತ್ತಿದೆ, ಅದಕ್ಕೇ ಈ ಸಂಕಟ ಎಂದುಕೊಂಡೆ. ಬೆಳಗಿನ ಕಡುಬು ಮಿಕ್ಕಿದ್ದರೆ ನಾಲ್ಕು, ಮಿಗದಿದ್ದರೆ ಬೆಲ್ಲದ ಅಚ್ಚನ್ನೇ ಮುರಿದು ತಿನ್ನುತ್ತಿದ್ದೆ. ಕರಗಿದ್ದಕ್ಕಿಂತ ಹೆಚ್ಚು ತುಂಬಿಕೊಳ್ಳುತ್ತಿದ್ದೆ ಎಂದು ಗೊತ್ತಾಗಿದ್ದು ರವಿಕೆಯ ತೋಳು ಬಿಚ್ಚಿ ಹೊಲಿಯಬೇಕಾಗಿ ಬಂದಾಗ. ಅಷ್ಟಾದರೂ ಬಿಡಲಿಲ್ಲ. ಇನ್ನೊಂದು ತಿಂಗಳು ನೋಡೋಣ ಎಂದೆ. ಇನ್ನೊಂದು ತಿಂಗಳು, ಇನ್ನೊಂದು ತಿಂಗಳು.

ಬೇಸಿಗೆಯಲ್ಲಿ ಅತ್ತೆಗೆ ಮತ್ತೆ ಬಾಯಾರಿಕೆ ಶುರುವಾಯಿತು. ಬಿಸಿಲು ಎಂದೆ. ಗಾಳಿಬೀಡಿನಲ್ಲಿ ಎಂಥ ಬಿಸಿಲು? ಮೇ ತಿಂಗಳಲ್ಲೂ ಸಂಜೆಗೆ ಕಂಬಳಿ ಬೇಕು. ವಾರಕ್ಕೊಮ್ಮೆ ಅವರ ಬೆನ್ನಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದವಳು ನಾನು. ಒಂದು ದಿನ ಬೆರಳಿಗೆ ಆ ಸಾಸಿವೆ ಗುಳ್ಳೆಗಳು ಮತ್ತೆ ಸಿಕ್ಕಿದವು. ಬೆರಳು ಅಲ್ಲಿ ನಿಂತಿತು. "ಎಂತ?" ಎಂದು ಕೇಳಿದರು. "ಏನಿಲ್ಲ ಅತ್ತೆ, ಬೆವರುಸಾಲೆ" ಎಂದು ತಿಕ್ಕುವುದನ್ನು ಮುಂದುವರಿಸಿದೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಅವಕಾಶ ನನಗೆ ಅವತ್ತಿಗೆ ಮುಗಿಯಿತು.

ಮಳೆಗಾಲದ ನಡುವಿನ ಆಟಿ ತಿಂಗಳ ಹದಿನೆಂಟನೇ ದಿನ ನಮ್ಮಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ತುಂಬಿರುತ್ತದೆ ಎಂಬ ನಂಬಿಕೆ. ಸೊಪ್ಪು ಬೇಯಿಸಿದ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು ಹಾಕಿ, ಮೇಲೆ ಜೇನು, ತುಪ್ಪ ಸುರಿದು ತಿನ್ನುವುದು. ಮನೆಯಲ್ಲಿ ಯಾರೂ ತಪ್ಪಿಸುವ ಹಾಗಿಲ್ಲ. ಮಾರನೆಯ ದಿನ ಎಲ್ಲರ ಮೂತ್ರವೂ ಕೆಂಪಗೆ ಹೋಗುತ್ತದೆ. ಮದ್ದು ಮೈಗೆ ಹತ್ತಿತು ಎಂದು ನಮಗೆಲ್ಲ ಸಮಾಧಾನ. ಆ ವರ್ಷ ಅತ್ತೆ ಬೆಲ್ಲ ಹಾಕುವ ಮೊದಲೇ ಒಂದು ಸೌಟು ಬರಿಯ ಸೊಪ್ಪಿನ ನೀರನ್ನು ಲೋಟಕ್ಕೆ ಸೋಸಿ ಕುಡಿದು, "ಸಾಕು, ಶಾಸ್ತ್ರ ಆತ್" ಎಂದರು. ಸೋಸಿಕೊಟ್ಟವಳು ನಾನೇ. ಬೇರೆ ಯಾರೂ ಒಲೆಯ ಹತ್ತಿರ ಇರಲಿಲ್ಲ.

ಎರಡೇ ದಿನಕ್ಕೆ ಅತ್ತೆಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಮಳೆಯಲ್ಲೇ ಜೀಪು ಮಾಡಿಸಿ ಮಡಿಕೇರಿಗೆ ಒಯ್ದೆವು. ಈ ಸಲ ಮಾವ, ನಾನು ಇಬ್ಬರೂ ಡಾಕ್ಟರ ಮುಂದೆ ನಿಂತಿದ್ದೆವು. ಬಾಟಲಿಯಲ್ಲಿ ಕೊಟ್ಟ ಮೂತ್ರ ಇನ್ನೂ ನಸುಗೆಂಪಾಗಿದ್ದದ್ದನ್ನು ನೋಡಿ ಡಾಕ್ಟರು ಗಾಬರಿಯಾದರು. ರಕ್ತ ಹೋಗುತ್ತಿದೆ ಎಂದುಕೊಂಡಿರಬೇಕು. ಅಲ್ಲಿದ್ದ ಕಾಂಪೌಂಡರು ನಮ್ಮ ಕಡೆಯವರು. ನಕ್ಕು, "ಅದು ರಕ್ತ ಅಲ್ಲ ಸಾರ್, ಆಟಿ ಪಾಯಸ. ಇಲ್ಲಿ ಈ ವಾರ ಎಲ್ಲರದ್ದೂ ಹೀಗೇ" ಎಂದು ವಿವರಿಸಿದರು. ಡಾಕ್ಟರು ವಿವರವಾಗಿ ಕೇಳಿದರು: ಏನೇನು ಹಾಕುತ್ತಾರೆ? ಬೆಲ್ಲ, ಜೇನು, ತುಪ್ಪ, ತೆಂಗಿನ ಹಾಲು. ಒಂದೊಂದಕ್ಕೂ ಅವರ ಹುಬ್ಬು ಮೇಲಕ್ಕೆ ಹೋಯಿತು. ಅಷ್ಟರಲ್ಲಿ ಕೊಳವೆಯ ಕೆಂಪು ತಳಕ್ಕೆ ಇಳಿದು ನಿಂತಿತ್ತು. ಮೇಲೆ ಗಟ್ಟಿ ಹಾಲು.

"ಏನಮ್ಮ, ಪಥ್ಯ ಅಂದರೆ ಇದೇನಾ?" ಎಂದು ಅತ್ತೆಗೆ ಕೇಳಿದರು. "ಪಾಯಸ ತಿಂದ ಸಾಕ್ಷಿ ಬಾಟಲಿಯಲ್ಲಿದೆ, ಕೊಬ್ಬು ತಿಂದ ಸಾಕ್ಷಿ ಇಲ್ಲಿದೆ. ಮೂರು ಮಾತ್ರೆ ತಗೊಂಡೂ ಹೀಗಾಗಬೇಕಾದರೆ ನೀವು ಕದ್ದು ಎಷ್ಟು ತಿಂದಿರಬೇಕು?"

"ನಾ ತಿಂದಿಲ್ಲೆ" ಎಂದರು ಅತ್ತೆ. "ಬರೀ ಸೊಪ್ಪಿನ ನೀರ್ ಕುಡ್ದದ್. ಈ ಗೂಡೇನ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಮೂರು ಮಾತ್ರೆ ಎಂದು ಡಾಕ್ಟರು ಹೇಳಿದ್ದು ಅತ್ತೆಗೆ ನೋವಿನಲ್ಲಿ ಕೇಳಿಸಿರಲಿಲ್ಲ. ನನಗೆ ಕೇಳಿಸಿತ್ತು. ಸೊಪ್ಪಿನ ನೀರಷ್ಟೇ ಎಂದು ನಾನು ಹೇಳಿದರೆ, ಹಾಗಾದರೆ ಹಾಲು ಎಲ್ಲಿಂದ ಬಂತು ಎಂದು ಅವರು ಕೇಳುತ್ತಾರೆ. ಆಗ ಮಾತ್ರೆಯ ಲೆಕ್ಕಕ್ಕೆ ಬರುತ್ತಾರೆ. ಇಷ್ಟನ್ನು ಯೋಚಿಸಲು ನನಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕಾಯಿತು. "ನಾನು ನೋಡಲಿಲ್ಲ" ಎಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. ಸಿಟ್ಟು ಇರಲಿಲ್ಲ. ನಾನು ಮರೆತಿರಬೇಕು ಎಂದು ಅವರಿಗೆ ಅನ್ನಿಸಿತ್ತೋ ಏನೋ.

ನಾಲ್ಕು ದಿನ ಆಸ್ಪತ್ರೆಯಲ್ಲಿಟ್ಟು, ಸೂಜಿಮದ್ದು ಕೊಟ್ಟು ಕಳಿಸಿದರು. ಜೀವಕ್ಕೆ ಬಂದದ್ದು ದಾಟಿತು. ಆದರೆ ಪರವೂರಿನ ಡಾಕ್ಟರ ಮುಂದೆ ಹೆಂಡತಿ ತಿಂಡಿಕಳ್ಳಿ ಅನ್ನಿಸಿಕೊಂಡದ್ದು ಮಾವನಿಗೆ ನುಂಗಲಾಗಲಿಲ್ಲ. ಮನೆಗೆ ಬಂದ ದಿನವೇ, ಇನ್ನು ಮೇಲೆ ಅತ್ತೆ ಅಡುಗೆಮನೆಗೆ ಕಾಲಿಡಬಾರದು, ಅವರ ತಟ್ಟೆ ನಾನು ಬಡಿಸಿ ತಂದು ಜಗಲಿಯಲ್ಲಿ ಕೊಡಬೇಕು, ಅವರ ಮೇಲೆ ಒಂದು ಕಣ್ಣು ಇಟ್ಟಿರಬೇಕು ಎಂದರು. ಮೂವತ್ತು ವರ್ಷ ತಾವೇ ಆಳಿದ ಒಲೆಯಿಂದ ಅತ್ತೆಯನ್ನು ಹೊರಗೆ ಕೂರಿಸಿ, ಕಾವಲಿಗೆ ನನ್ನನ್ನು ನಿಲ್ಲಿಸಿದರು. ನಾನು ನಿಂತೆ.

ಮಾತ್ರೆ ಕದಿಯುವುದನ್ನು ಮಾತ್ರ ಅವತ್ತೇ ಬಿಟ್ಟೆ. ಪಶ್ಚಾತ್ತಾಪದಿಂದ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ಹೆದರಿಕೆ. ಅವರು ಸತ್ತರೆ ನಾನು ಕೊಂದ ಹಾಗೆ ಎಂಬ ಹೆದರಿಕೆ. "ಡಾಕ್ಟರು ಮತ್ತೆ ಎರಡು ಮಾಡಿದಾರೆ" ಎಂದು ಅಂಗೈಗೆ ಎರಡನ್ನೂ ಹಾಕಿದೆ. ಅವರು ಏನೂ ಕೇಳದೆ ನುಂಗಿದರು.

ಹದಿನೈದು ದಿನ ಕಳೆದಿರಬೇಕು. ಮಧ್ಯಾಹ್ನ ಜಗಲಿಯಲ್ಲಿ ತಟ್ಟೆ ಇಟ್ಟು ನಾನು ತಿರುಗುವಾಗ ಅತ್ತೆ ಸೆರಗು ಹಿಡಿದು ನಿಲ್ಲಿಸಿದರು. ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು ಮೆಲ್ಲಗೆ ಕೇಳಿದರು:

"ಗೂಡೆ, ಒಂದ್ ಮಾತ್. ನಾ ನಿದ್ದೇಲಿ ಎದ್ದ್ ಹೋಗಿ ತಿಂತಿದ್ದೆನಾ? ನೀ ಯಾವತ್ತಾರೂ ನೋಡಿದಿಯಾ?"

ನಾನು ತಟ್ಟೆಯನ್ನು ಅವರ ಹತ್ತಿರಕ್ಕೆ ಸರಿಸಿದೆ.

"ಎಷ್ಟ್ ಯೋಚ್ನೆ ಮಾಡಿರೂ ತಿಂದ ನೆಂಪಿಲ್ಲೆ. ಆದ್ರೆ ಡಾಕ್ಟ್ರ್ ಸುಳ್ಳ್ ಹೇಳುದಿಲ್ಲೆ ಅಲ? ರಕ್ತ ನಾನೂ ನೋಡ್ದೆ. ನಿದ್ದೇಲೇ ತಿಂದಿರೊಕು. ನೀ ಮಲ್ಗುವಾಗ ಅಡುಗೆಮನೆಗೆ ಬೀಗ ಹಾಕ್ ಮಗಾ. ಮಾವಂಗೆ ಹೇಳ್ಬೇಡ, ನಾಚಿಕೆ ಆದೆ."

ಅವರಿಗೆ ನಾಚಿಕೆಯಂತೆ. ನಾನು ಅವರ ಎದುರಿಗೇ ಇದ್ದೆ. ಬಾಯಿ ತೆರೆದರೆ ಎರಡೇ ವಾಕ್ಯದ ಕೆಲಸ. ತೆರೆದೆ. "ಆಗಲಿ ಅತ್ತೆ, ಹಾಕುತ್ತೇನೆ" ಎಂದೆ. ಹಾಕಿಯೂ ಹಾಕಿದೆ.

ತಿಂಗಳು ತುಂಬಿದ ಮೇಲೆ ಆಸ್ಪತ್ರೆಯಲ್ಲಿ ಕೊಳವೆ ಮತ್ತೆ ತಿಳಿಯಾಗಿತ್ತು. ಅತ್ತೆ ಹೊರಗೆ ಬೆಂಚಿನ ಮೇಲಿದ್ದರು, ಒಳಗೆ ಮಾವ ಮತ್ತು ನಾನು. ಆಗಲೇಬೇಕಿತ್ತು, ಪೂರ್ತಿ ಮಾತ್ರೆ ಹೊಟ್ಟೆಗೆ ಹೋಗಿತ್ತಲ್ಲ. ಡಾಕ್ಟರು ಮೇಜು ತಟ್ಟಿ, "ನೋಡಿದಿರಾ? ಮಾತ್ರೆ ಅದೇ, ಲೆಕ್ಕ ಅದೇ. ಬಾಯಿ ಕಟ್ಟಿದ ಮೇಲೆ ಹೇಗೆ ಇಳೀತು" ಎಂದರು. ನಾನು ತಪ್ಪನ್ನು ಸರಿಪಡಿಸಿದ್ದೇ ಅತ್ತೆಯ ಕಳ್ಳತನಕ್ಕೆ ಕಡೆಯ ಸಾಕ್ಷಿಯಾಯಿತು. ಹೊರಗೆ ಬಂದ ಮಾವ ನನ್ನ ತಲೆ ಮೇಲೆ ಕೈಯಿಟ್ಟು, ಅತ್ತೆಗೆ "ಇವಳು ಕಾದದ್ದಕ್ಕೆ ನೀನು ಉಳಿದೆ" ಎಂದರು. ಅತ್ತೆ ತಲೆ ತಗ್ಗಿಸಿ ಹೌದೆಂದರು. ಆಮೇಲೆ ಮನೆಗೆ ಯಾರೇ ಬರಲಿ, ಮಾವ ಈ ಕಥೆ ಹೇಳುತ್ತಿದ್ದರು. ನಾನು ಕಾಫಿ ಲೋಟ ಹಿಡಿದು ಬಂದಾಗ ಬಂದವರು ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಕಾಲ ಕಳೆದ ಹಾಗೆ ಅತ್ತೆಯೇ ಆ ಕಥೆ ಹೇಳಲು ಶುರು ಮಾಡಿದರು, ತಮ್ಮನ್ನು ತಾವೇ ಗೇಲಿ ಮಾಡಿಕೊಂಡು. ಜನ ನಗುತ್ತಿದ್ದರು. ಎಲ್ಲರ ಎದುರು ತೂಗಿಸಿಕೊಂಡು ನಗುವುದು ಎಂಥದ್ದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಎಷ್ಟೋ ವರ್ಷಗಳ ಮೇಲೆ, ಡಾಕ್ಟರಿಕೆ ಓದಿದ ನೆಂಟರ ಹುಡುಗಿಯೊಬ್ಬಳಿಂದ ಆ ಮಾತ್ರೆಯ ವಿಷಯ ಬಿಡಿಸಿ ತಿಳಿದುಕೊಂಡೆ. ಅದು ಕೊಬ್ಬನ್ನು ಕರಗಿಸುವ ಮಾತ್ರೆಯೇ ಅಲ್ಲವಂತೆ. ಸಕ್ಕರೆ ಹತೋಟಿಗೆ ಬಂದರೆ ರಕ್ತದ ಕೊಬ್ಬು ತಾನಾಗಿ ಇಳಿಯುತ್ತದೆ, ಅಷ್ಟೆ. ಕಾಯಿಲೆ ಇಲ್ಲದವರು ತಿಂದರೆ ಹಸಿವು ಹೆಚ್ಚಿ ಮೈ ಬರುತ್ತದೆ, ಕೆಲವರು ಎಚ್ಚರ ತಪ್ಪಿ ಸತ್ತೂ ಹೋಗಬಹುದು. "ಯಾಕೆ ದೊಡ್ಡಮ್ಮ, ಯಾರು ತಿಂದಿದ್ರು?" ಎಂದು ಕೇಳಿದಳು. ಪುಸ್ತಕದಲ್ಲಿ ಓದಿದೆ ಎಂದೆ.

ಆದರೂ ಅವಳ ಮಾತು ಒಳಗೆ ಕೊರೆಯುತ್ತಿತ್ತು. ಮಾವ ಆಗ ಇರಲಿಲ್ಲ. ಅತ್ತೆಗೆ ವಯಸ್ಸಾಗಿತ್ತು, ಆದರೆ ಬುದ್ಧಿ ಚುರುಕಾಗಿಯೇ ಇತ್ತು. ಒಂದು ಮಧ್ಯಾಹ್ನ ನೆರೆಮನೆಯವಳೊಬ್ಬಳಿಗೆ ತಮ್ಮ ತಿಂಡಿಕಳ್ಳತನದ ಕಥೆ ಹೇಳಿ ನಗಿಸಿ ಕಳಿಸಿದರು. ಅವಳು ಗೇಟು ದಾಟಿದ್ದೇ ನಾನು ಅತ್ತೆಯ ಕಾಲ ಬುಡದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಮಾತ್ರೆ, ಸುಳ್ಳು, ಬೆನ್ನ ಮೇಲಿನ ಗುಳ್ಳೆ, ನಾನು ನೋಡಲಿಲ್ಲ ಎಂದದ್ದು. ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅಳು ಬಂತು.

ಅತ್ತೆ ಕೊನೆಯವರೆಗೂ ಕೇಳಿದರು. ಆಮೇಲೆ ನನ್ನ ಬೆನ್ನು ಸವರಿದರು.

"ಸುಮ್ನಿರ್ ಗೂಡೆ. ನಂಗೆ ಬೇಜಾರಾದೆ ಅಂತ ನನ್ನ ಕಳ್ಳತನನ ನೀ ಹೊತ್ಕಳ್ದು ಬೇಡ. ನೀ ಅಂಥವಳಲ್ಲ, ನಂಗೆ ಗೊತ್ತಿಲ್ಲೆನಾ?" ಎಂದರು. ದನಿ ತಗ್ಗಿಸಿ ಹೇಳಿದರು: "ಇದ್‌ನ ಬೇರೆ ಯಾರತ್ರನೂ ಹೇಳ್ಬೇಡ ಮಗಾ. ಜನ ನಿಜ ಅಂತ ತಿಳ್ಕಂಡಾರ್."

ಆಣೆ ಮಾಡಬಹುದಿತ್ತು. ನೆರೆಮನೆಯವಳನ್ನು ದಾರಿಯಿಂದ ವಾಪಸು ಕರೆದು ಅವಳೆದುರು ಇನ್ನೊಮ್ಮೆ ಹೇಳಬಹುದಿತ್ತು. ಕೆಳಗಿನ ಉದ್ದನೆಯ ದಾರಿಯಲ್ಲಿ ಅವಳು ಇನ್ನೂ ಕೊನೆಯ ತಿರುವು ದಾಟಿರಲಿಲ್ಲ, ಅವಳ ಕೊಡೆ ಕಾಣುತ್ತಿತ್ತು. ನಾನು ಕಣ್ಣೊರೆಸಿಕೊಂಡು, "ಆಗಲಿ ಅತ್ತೆ" ಎಂದೆ. ಆಗ ನನಗಾದದ್ದು ದುಃಖವಲ್ಲ. ಬದುಕಿಕೊಂಡೆ ಅನ್ನಿಸಿತು.